ತಕ್ಕಡಿಯ ಪೆಟ್ಟಿಗೆ: ಕೊಡಗು 'ಸಿ' ರಾಜ್ಯದ ಪ್ರಕರಣ, 1952–1956

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕೊಡಗಿನ ಮತಗಟ್ಟೆಗೆ ಕಾಲಿಟ್ಟ ಮತದಾರರ ಮುಂದೆ ಇದ್ದದ್ದು ಒಂದೇ ಮತಪೆಟ್ಟಿಗೆಯಲ್ಲ, ಸಾಲಾಗಿ ಇರಿಸಿದ ಹಲವು ಪೆಟ್ಟಿಗೆಗಳು. ದೇಶದ ಉಳಿದೆಡೆಯಂತೆ ಇಲ್ಲಿಯೂ ಪ್ರತಿಯೊಬ್ಬ ಅಭ್ಯರ್ಥಿಗೆ ಬೇರೆಯದೇ ಪೆಟ್ಟಿಗೆ, ಅದರ ಮೇಲೆ ಅಭ್ಯರ್ಥಿಯ ಗುರುತಿನ ಚಿತ್ರ. ಹೆಸರು ಓದುವ, ಚೀಟಿಗೆ ಮುದ್ರೆ ಒತ್ತುವ ಅಗತ್ಯವಿರಲಿಲ್ಲ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮರೆಯ ಹಿಂದೆ ಹೋಗಿ, ತಮಗೆ ಬೇಕಾದ ಚಿತ್ರವಿರುವ ಪೆಟ್ಟಿಗೆಗೆ ಚೀಟಿ ಹಾಕಿ ಹೊರಬಂದರೆ ಮುಗಿಯಿತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಕೊಡಗು ಪ್ರತ್ಯೇಕ ರಾಜ್ಯವಾಗಿಯೇ ಉಳಿಯಬೇಕೆಂದ ಎದುರಾಳಿ ಬಣದ್ದು ತಕ್ಕಡಿ. ಕಾಫಿ, ಕರಿಮೆಣಸು, ಏಲಕ್ಕಿಯನ್ನು ತೂಗಿ ಬದುಕುವ ನಾಡಿನಲ್ಲಿ ತಕ್ಕಡಿ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಬಣಕ್ಕೆ ಜನರ ಬಾಯಲ್ಲಿ 'ತಕ್ಕಡಿ ಪಾರ್ಟಿ' ಎಂಬ ಹೆಸರೇ ನಿಂತುಬಿಟ್ಟಿತು.

ಆ ಚುನಾವಣೆಯಲ್ಲಿ ಕೊಡಗಿನವರು ತಮ್ಮನ್ನು ಯಾರು ಆಳಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತಿರಲಿಲ್ಲ. ಕೊಡಗು ಒಂದು ರಾಜ್ಯವಾಗಿ ಉಳಿಯಬೇಕೇ ಬೇಡವೇ ಎಂಬ ಪ್ರಶ್ನೆಯೂ ಅದೇ ಚೀಟಿಯೊಳಗೆ ಸುತ್ತಿಕೊಂಡಿತ್ತು. ನಾಲ್ಕೂವರೆ ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಮೈಸೂರು ರಾಜ್ಯದಲ್ಲಿ (ಇಂದಿನ ಕರ್ನಾಟಕ) ವಿಲೀನವಾಗಿ ಆ ರಾಜ್ಯ ಇಲ್ಲವಾಯಿತು. ಪ್ರಜಾಪ್ರಭುತ್ವೀಕರಣದ ಬಗ್ಗೆ ಜಗತ್ತಿನ ವಿದ್ವಾಂಸರು ಬರೆದದ್ದನ್ನು ಓದುವಾಗಲೆಲ್ಲ ನನ್ನ ಮನಸ್ಸು ಈ ಪ್ರಕರಣಕ್ಕೆ ಮರಳುತ್ತದೆ. ಸರ್ವಾಧಿಕಾರಿಯ ಪತನ, ಸೇನೆಯ ನಿರ್ಗಮನ, ಬೀದಿಗಿಳಿದ ಜನಸಮೂಹ ಮುಂತಾದ ದೊಡ್ಡ ದೃಶ್ಯಗಳು ಇಲ್ಲಿಲ್ಲ. ಆದರೆ ಆ ಶಾಸ್ತ್ರದ ಅತ್ಯಂತ ಕಠಿಣ ಪ್ರಶ್ನೆ ಇಲ್ಲಿ ಅಂಗೈಯಗಲದ ನಾಡಿನಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಆ ಪ್ರಶ್ನೆಯನ್ನು ಬ್ರಿಟಿಷ್ ಸಂವಿಧಾನ ತಜ್ಞ ಐವರ್ ಜೆನ್ನಿಂಗ್ಸ್ ಮುಂದಿಟ್ಟದ್ದು, ಕೊಡಗು ವಿಲೀನವಾದ ಅದೇ 1956ರಲ್ಲಿ. ಜನರೇ ತೀರ್ಮಾನಿಸಲಿ ಎಂಬ ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಕಂಡರೂ, ಜನರೆಂದರೆ ಯಾರು ಎಂಬುದನ್ನು ಬೇರೆ ಯಾರಾದರೂ ಮೊದಲು ತೀರ್ಮಾನಿಸದ ಹೊರತು ಜನ ಏನನ್ನೂ ತೀರ್ಮಾನಿಸಲಾರರು ಎಂಬುದು ಅವರ ವಾದದ ತಿರುಳು. 1970ರಲ್ಲಿ ರಾಜ್ಯಶಾಸ್ತ್ರಜ್ಞ ಡಾಂಕ್‌ವರ್ಟ್ ರುಸ್ಟೊ ಪ್ರಜಾಪ್ರಭುತ್ವದತ್ತ ಸಾಗುವ ದೇಶಗಳ ಹಾದಿಯನ್ನು ವಿವರಿಸುವಾಗ ಈ ಮಾತನ್ನೇ ಬುನಾದಿಯಾಗಿಸಿಕೊಂಡರು. ಆದಾಯ, ಸಾಕ್ಷರತೆ, ಮಧ್ಯಮವರ್ಗ ಇವು ಯಾವುವೂ ಅವರಿಗೆ ಪೂರ್ವಷರತ್ತುಗಳಾಗಿರಲಿಲ್ಲ. ತಾವು ಯಾವ ರಾಜಕೀಯ ಸಮುದಾಯಕ್ಕೆ ಸೇರಿದವರು ಎಂಬ ಬಗ್ಗೆ ಬಹುಪಾಲು ಜನರಲ್ಲಿ ಸಂಶಯವಿರಬಾರದು ಎಂಬುದೊಂದೇ ಅವರು ಇಟ್ಟ ಷರತ್ತು. ಕೊಡಗಿನಲ್ಲಿ ಸಂಶಯವಿದ್ದದ್ದು ಸರಿಯಾಗಿ ಅಲ್ಲಿಯೇ. ಭಾರತದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಭಾರತದೊಳಗೆ ತಮ್ಮ ಮನೆ ಯಾವುದು ಎಂಬುದರಲ್ಲಿ ಇತ್ತು.

ಈ ಸಂಶಯಕ್ಕೆ ಹಳೆಯ ಬೇರುಗಳಿವೆ. 1834ರಲ್ಲಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ ಪದಚ್ಯುತಗೊಳಿಸಿದ ಮೇಲೆ ಕರ್ನಲ್ ಫ್ರೇಸರ್ ಮೇ 7ರಂದು ಹೊರಡಿಸಿದ ಘೋಷಣೆಯಲ್ಲಿ, ಬ್ರಿಟಿಷರ ಆಶ್ರಯಕ್ಕೆ ಒಳಪಡಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಾಗಿರುವುದರಿಂದ ಈ ನಾಡನ್ನು ಕಂಪನಿಯ ಆಡಳಿತಕ್ಕೆ ತೆಗೆದುಕೊಳ್ಳಲಾಗಿದೆ ಎಂಬರ್ಥದ ಒಕ್ಕಣೆಯಿದೆ. ಸೈನ್ಯ ನುಗ್ಗಿಸಿ ಗೆದ್ದವರು ಗೆಲ್ಲಲ್ಪಟ್ಟವರ ಇಚ್ಛೆಯನ್ನು ತಾವೇ ಬರೆದುಕೊಂಡ ಕಾಗದ ಅದು. ಆ ಒಮ್ಮತಕ್ಕೆ ಯಾರ ಅಭಿಪ್ರಾಯ ಎಣಿಸಲಾಯಿತು? ದಿವಾನರದ್ದು ಮತ್ತು ಪ್ರಮುಖ ಮನೆತನಗಳದ್ದು. ಹೊಲೆಯರ, ಯರವರ, ಕುರುಬರ ಇಚ್ಛೆ ಯಾರ ದಫ್ತರಕ್ಕೂ ಬಂದಿರಲಾರದು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಅಮರಸುಳ್ಯ ಸೀಮೆಯಿಂದ ಎದ್ದ ಬಂಡಾಯ ಮಂಗಳೂರಿನವರೆಗೆ ಹಬ್ಬಿದ್ದೇ ಆ ಒಮ್ಮತ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ತೋರಿಸುತ್ತದೆ.

ಕೊಡಗಿಗೆ ಸಭೆ ಸೇರಿ ಮಾತಾಡುವ ಪರಂಪರೆ ಇರಲಿಲ್ಲವೆಂದಲ್ಲ. ಊರು ತಕ್ಕ, ನಾಡು ತಕ್ಕ, ದೇಶ ತಕ್ಕ ಎಂಬ ಹಿರಿಯರ ಶ್ರೇಣಿಯಿತ್ತು. ನಾಡು ಸೇರಿ ಮಂದಿನಲ್ಲಿ, ಅಂದರೆ ಊರ ಸಭೆಯ ಬಯಲಿನಲ್ಲಿ, ನ್ಯಾಯ ತೀರ್ಮಾನಿಸುತ್ತಿತ್ತು. ಇದನ್ನು ಮುಂದೆ ಮಾಡಿ 'ನಮ್ಮಲ್ಲಿ ಪ್ರಜಾಪ್ರಭುತ್ವ ಮೊದಲೇ ಇತ್ತು' ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ತಕ್ಕನ ಸ್ಥಾನ ಮನೆತನದಿಂದ ಬರುವಂಥದ್ದು, ಮತದಿಂದಲ್ಲ. ಐನ್‌ಮನೆಯ (ಮನೆತನದ ಮೂಲಮನೆಯ) ಅಂಗಳದ ಹೊರಗೆ ನಿಂತವರಿಗೆ ಆ ಸಭೆಯಲ್ಲಿ ಕೇಳಿಸಿಕೊಳ್ಳುವ ಪಾಲಿತ್ತೇ ಹೊರತು ಹೇಳುವ ಪಾಲಿರಲಿಲ್ಲ.

ಚುನಾಯಿತ ಸಂಸ್ಥೆ ಬಂದದ್ದು 1924ರಲ್ಲಿ, ಕೊಡಗು ಶಾಸನ ಪರಿಷತ್ತಿನ ರೂಪದಲ್ಲಿ: 15 ಮಂದಿ ಚುನಾಯಿತರು, 5 ಮಂದಿ ನಾಮಕರಣಗೊಂಡವರು. ಮತದ ಹಕ್ಕು ಆಸ್ತಿವಂತರ ಸಣ್ಣ ವಲಯಕ್ಕೆ ಸೀಮಿತವಾಗಿತ್ತು, ಆಡಳಿತದ ಲಗಾಮು ಚೀಫ್ ಕಮಿಷನರರ ಕೈಯಲ್ಲೇ ಉಳಿದಿತ್ತು. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಡಾಲ್ 1971ರಲ್ಲಿ ಕೊಟ್ಟ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರಜಾಪ್ರಭುತ್ವೀಕರಣಕ್ಕೆ ಎರಡು ಆಯಾಮಗಳಿವೆ, ಅಧಿಕಾರಕ್ಕಾಗಿ ಬಹಿರಂಗ ಸ್ಪರ್ಧೆ ಒಂದು, ಆ ಸ್ಪರ್ಧೆಯಲ್ಲಿ ಎಷ್ಟು ಜನರಿಗೆ ಪಾಲಿದೆ ಎಂಬುದು ಇನ್ನೊಂದು. ಮೊದಲು ಸಣ್ಣ ವಲಯದೊಳಗೆ ಸ್ಪರ್ಧೆಯ ರೀತಿನೀತಿ ರೂಢಿಯಾಗಿ, ಬಳಿಕ ಬಾಗಿಲು ಅಗಲವಾದರೆ ವ್ಯವಸ್ಥೆ ಹೆಚ್ಚು ಬಾಳುತ್ತದೆ ಎಂಬುದು ಡಾಲ್ ಅವರ ಅಂದಾಜು. ಕೊಡಗು ಸುಮಾರಾಗಿ ಇದೇ ಕ್ರಮದಲ್ಲಿ ನಡೆಯಿತು. 1924ರ ಪರಿಷತ್ತಿನಲ್ಲಿ ಚರ್ಚೆ ಮಾಡಲು, ಪ್ರಶ್ನೆ ಕೇಳಲು, ಸೋತರೂ ಮತ್ತೆ ಬಂದು ಕೂರಲು ಕಲಿತ ಒಂದು ತಲೆಮಾರು 1952ರ ಹೊತ್ತಿಗೆ ಸಿದ್ಧವಾಗಿತ್ತು. ಬಾಗಿಲು ಅಗಲವಾದದ್ದು ಮಾತ್ರ ಮೆಲ್ಲಮೆಲ್ಲನೆ ಅಲ್ಲ, ಒಂದೇ ಸಲಕ್ಕೆ. ತೋಟದ ಒಡೆಯನೂ ಲೈನ್ ಮನೆಯ (ತೋಟದೊಳಗಿನ ಕಾರ್ಮಿಕರ ಸಾಲುಮನೆಯ) ಆಳೂ, ಗಂಡಸೂ ಹೆಂಗಸೂ ಒಂದೇ ಸಾಲಿನಲ್ಲಿ ನಿಂತರು.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಕೊಡಗು ಭಾಗ 'ಸಿ' ರಾಜ್ಯವಾಯಿತು, ಅಂದರೆ ಕೇಂದ್ರದ ಮೇಲ್ವಿಚಾರಣೆಯಲ್ಲಿರುವ ರಾಜ್ಯ. ಹಿರಿಯರು ಇಂದಿಗೂ 'ಕೊಡಗು ಸಿ ರಾಜ್ಯವಾಗಿದ್ದಾಗ' ಎಂದೇ ಮಾತು ಶುರುಮಾಡುತ್ತಾರೆ. 1951ರ ಕಾನೂನಿನ ಪ್ರಕಾರ ವಿಧಾನಸಭೆ ಪಡೆದ ಆರು 'ಸಿ' ರಾಜ್ಯಗಳಲ್ಲಿ (ಅಜ್ಮೀರ್, ಭೋಪಾಲ್, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯ ಪ್ರದೇಶ ಉಳಿದ ಐದು) ಜನಸಂಖ್ಯೆಯಲ್ಲಿ ಕೊಡಗೇ ಅತಿ ಸಣ್ಣದು: 1,593 ಚದರ ಮೈಲಿ, 1951ರ ಜನಗಣತಿಯಂತೆ ಸುಮಾರು 2.29 ಲಕ್ಷ ಜನ, 24 ಶಾಸಕರು. ಹನ್ನೆರಡು ಏಕಸದಸ್ಯ ಕ್ಷೇತ್ರಗಳು, ಆರು ದ್ವಿಸದಸ್ಯ ಕ್ಷೇತ್ರಗಳು. ಆದರೆ ಈ ಸರ್ಕಾರದ ಅಧಿಕಾರಕ್ಕೆ ಬೇಲಿಯಿತ್ತು. ಸಭೆ ಅಂಗೀಕರಿಸಿದ ಮಸೂದೆ ಕಾನೂನಾಗಲು ರಾಷ್ಟ್ರಪತಿಯ ಒಪ್ಪಿಗೆ ಬೇಕಿತ್ತು. ಕೇಂದ್ರ ನೇಮಿಸಿದ ಚೀಫ್ ಕಮಿಷನರ್ ಮಂತ್ರಿಮಂಡಲದ ಸಭೆಗೆ ಬಂದರೆ ಅಧ್ಯಕ್ಷತೆ ಅವರದ್ದೇ. ಮಂತ್ರಿಗಳೊಂದಿಗೆ ಅವರಿಗೆ ಭಿನ್ನಾಭಿಪ್ರಾಯ ಬಂದರೆ ವಿಷಯ ದೆಹಲಿಗೆ ಹೋಗುತ್ತಿತ್ತು. ಚುನಾಯಿತರ ಕೈಗೆ ಸಿಗದಂತೆ ಕಾಯ್ದಿರಿಸಿದ ಇಂಥ ಅಧಿಕಾರಗಳನ್ನು ವಿದ್ವಾಂಸರು ಹೆಚ್ಚಾಗಿ ಗುರುತಿಸುವುದು ಸೇನೆ ಹಿಂದೆ ಸರಿದ ಮೇಲೂ ನೇಮಕಗೊಂಡ ಸೆನೆಟರ್‌ಗಳನ್ನು ಉಳಿಸಿಕೊಂಡ ಚಿಲಿಯಂಥ ದೇಶಗಳಲ್ಲಿ. ಕೊಡಗಿನದು ಅಷ್ಟು ಕ್ರೂರ ಹಿನ್ನೆಲೆಯದ್ದಲ್ಲ, ಆದರೆ ಮತ ಕೊಟ್ಟವರು ಮತ್ತು ಅಂತಿಮ ಮಾತು ಹೇಳುವವರು ಬೇರೆಬೇರೆ ಎಂಬ ರಚನೆ ಒಂದೇ.

ಇನ್ನು ಸ್ಪರ್ಧೆಯ ವಿಷಯ. ಕರ್ನಾಟಕ ಪ್ರಾಂತ ಕಾಂಗ್ರೆಸ್ಸಿನ ವ್ಯಾಪ್ತಿಯೊಳಗೆ ಬೆಳೆದ ಕೊಡಗಿನ ಕಾಂಗ್ರೆಸ್ ಏಕೀಕರಣದ ಕಡೆಗಿತ್ತು. ಅದರ ಮುಂದಾಳು, ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದ್ದ ಸಿ.ಎಂ. ಪೂಣಚ್ಚ. ತಕ್ಕಡಿಯ ಮುಂದಾಳು ಪಂದ್ಯಂಡ ಬೆಳ್ಯಪ್ಪ. ಅವರೂ ಸ್ವಾತಂತ್ರ್ಯ ಹೋರಾಟದಿಂದಲೇ ಬಂದವರು, ಗಾಂಧೀವಾದಿ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ವಿಲೀನ ವಿರೋಧಿಗಳನ್ನು ಪ್ರಗತಿ ವಿರೋಧಿಗಳೆಂದೋ ಬ್ರಿಟಿಷ್ ಕಾಲದ ಹಳಹಳಿಕೆಯವರೆಂದೋ ತಳ್ಳಿಹಾಕುವ ರೂಢಿ ಬೆಳೆದುಬಂದಿದೆ. ದೊಡ್ಡ ರಾಜ್ಯದೊಳಗೆ ಕೊಡಗಿನ ದನಿ ಅಡಗಿಹೋಗುತ್ತದೆ, ಕಾಫಿಯ ಹಣ ಬೇರೆಡೆಗೆ ಹರಿಯುತ್ತದೆ, ಜಮ್ಮಾ ಬಾಣೆಯಂಥ ಇಲ್ಲಿನದೇ ಭೂಹಿಡುವಳಿಯ ಕ್ರಮ ದೂರದ ಅಧಿಕಾರಿಗೆ ಅರ್ಥವಾಗುವುದಿಲ್ಲ ಎಂಬ ಆತಂಕ ನಾಡಿನ ಮೇಲಿನ ಕಾಳಜಿಯಿಂದಲೇ ಹುಟ್ಟಿದ್ದು. ಏಕೀಕರಣದ ಪರ ನಿಂತವರ ಮಾತಿನಲ್ಲೂ ಅಷ್ಟೇ ತೂಕವಿತ್ತು: ಎರಡೂಕಾಲು ಲಕ್ಷ ಜನರ ರಾಜ್ಯ ಸಚಿವಾಲಯ, ನ್ಯಾಯಾಲಯ, ಕಾಲೇಜು, ಆಸ್ಪತ್ರೆಗಳ ಭಾರವನ್ನು ಎಷ್ಟು ದಿನ ಹೊತ್ತೀತು? ಶಾಲೆ, ಕಚೇರಿ, ಮಾರುಕಟ್ಟೆಗಳಲ್ಲಿ ಕೊಡವ ತಕ್ಕ್ ಆಡುವವರೂ ಅರೆಭಾಷೆಯವರೂ ತುಳುವರೂ ಕನ್ನಡದಲ್ಲೇ ಬೆರೆಯುವಾಗ ಕನ್ನಡ ನಾಡಿನಿಂದ ಹೊರಗುಳಿಯುವುದಕ್ಕೆ ಅರ್ಥವೇನು?

ಫಲಿತಾಂಶ: ಕಾಂಗ್ರೆಸ್ 15, ತಕ್ಕಡಿ ಬಣದ ಪಕ್ಷೇತರರು 9. ಮಾರ್ಚ್ 27ರಂದು ಪೂಣಚ್ಚ ಮುಖ್ಯಮಂತ್ರಿಯಾದರು, ಕುಟ್ಟೂರು ಮಲ್ಲಪ್ಪ ಇನ್ನೊಬ್ಬ ಮಂತ್ರಿ. ಇಬ್ಬರದ್ದೇ ಮಂತ್ರಿಮಂಡಲ.

ಒಂಬತ್ತೇ ಸ್ಥಾನ ಪಡೆದು ಸೋತ ತಕ್ಕಡಿ ಬಣದವರು ಏನು ಮಾಡಿದರು ಎಂಬುದೇ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಹೃದಯ. ಪೋಲೆಂಡ್ ಮೂಲದ ರಾಜ್ಯಶಾಸ್ತ್ರಜ್ಞ ಆಡಮ್ ಪ್ಶೆವೋರ್ಸ್ಕಿ ಪ್ರಜಾಪ್ರಭುತ್ವವನ್ನು ಪಕ್ಷಗಳು ಚುನಾವಣೆಯಲ್ಲಿ ಸೋಲುವ ವ್ಯವಸ್ಥೆ ಎಂದು ಸಂಕ್ಷೇಪಿಸಿದ್ದಾರೆ. ಸೋತವರು ಬಂದೂಕು ಎತ್ತದೆ ವಿರೋಧ ಪಕ್ಷದ ಬೆಂಚಿಗೆ ಹೋಗಿ ಕೂರುವುದಕ್ಕೆ ಕಾರಣ, ಮುಂದಿನ ಸಲ ಗೆಲ್ಲಬಹುದೆಂಬ ಭರವಸೆ. ಬಂದೂಕು ಎಂಬ ಮಾತು ಕೊಡಗಿನಲ್ಲಿ ರೂಪಕವಷ್ಟೇ ಅಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯಿದ್ದು ಮನೆಮನೆಯಲ್ಲಿ ಕೋವಿಯಿದ್ದ, ಕೈಲ್‌ಪೊಳ್ದು ಹಬ್ಬದಂದು ಅದನ್ನಿಟ್ಟು ಪೂಜಿಸುವ ನಾಡಿದು. ಆದರೂ ತಕ್ಕಡಿಯ ಸೋಲು ಸದನದ ಮಾತಾಗಿಯೇ ಉಳಿಯಿತು. ಪ್ಶೆವೋರ್ಸ್ಕಿಯವರ ತರ್ಕಕ್ಕೆ ಇಲ್ಲೊಂದು ತೊಡಕಿದೆ. ರಾಜ್ಯವೇ ಉಳಿಯದಿದ್ದರೆ ಸೋತವರಿಗೆ 'ಮುಂದಿನ ಸಲ' ಎಂಬುದು ಇರುವುದಿಲ್ಲ. ಸರ್ಕಾರ ಬದಲಾದರೆ ಮತ್ತೆ ಬದಲಾಯಿಸಬಹುದು. ಘಟಕವೇ ಕರಗಿದ ಮೇಲೆ ಮತ ಕೊಡುವ ಜನಸಮುದಾಯವೇ ಬೇರೆಯಾಗುತ್ತದೆ. ಮರುಗೆಲುವಿನ ಭರವಸೆಯಿಲ್ಲದೆಯೂ ಸೋಲನ್ನು ಒಪ್ಪಿಕೊಂಡ ನಡೆ ಅವರದ್ದು. ಸ್ವಾತಂತ್ರ್ಯ ಹೋರಾಟದಲ್ಲಿ ಒಟ್ಟಿಗೆ ಜೈಲು ಕಂಡವರ ನಡುವಿನ ನಂಟು, ಭಾರತದ ಚೌಕಟ್ಟಿನ ಬಗ್ಗೆ ಎರಡೂ ಕಡೆಯವರಿಗಿದ್ದ ನಂಬಿಕೆ, ಇವೆರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರಿಯ ಲಾಭನಷ್ಟದ ಗಣಿತದಿಂದ ಇದನ್ನು ವಿವರಿಸಲು ಬರುವುದಿಲ್ಲವೆಂದು ನನ್ನ ಅಭಿಪ್ರಾಯ.

1953ರ ಡಿಸೆಂಬರ್‌ನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಗಿ, 1955ರ ಸೆಪ್ಟೆಂಬರ್ ಕೊನೆಗೆ ವರದಿ ಕೊಟ್ಟಿತು. ಕೊಡಗು ಕರ್ನಾಟಕದ ಭಾಗವಾಗಬೇಕೆಂದು ಅದು ಹೇಳಿತು. ಹಿಮಾಚಲ ಪ್ರದೇಶವನ್ನೂ ಪಂಜಾಬಿಗೆ ಸೇರಿಸಬೇಕೆಂದು ಆಯೋಗದ ಬಹುಮತ ಶಿಫಾರಸು ಮಾಡಿತ್ತು. ಆದರೆ ಅಲ್ಲಿ ಅಧ್ಯಕ್ಷ ಫಜಲ್ ಅಲಿಯವರೇ ಭಿನ್ನಮತದ ಟಿಪ್ಪಣಿ ಬರೆದರು, ಹಿಮಾಚಲ ಕೇಂದ್ರಾಡಳಿತ ಪ್ರದೇಶವಾಗಿ ಉಳಿದು 1971ರಲ್ಲಿ ಪೂರ್ಣ ರಾಜ್ಯವಾಯಿತು. ಅದು ಜನಸಂಖ್ಯೆಯಲ್ಲಿ ಕೊಡಗಿನ ಹಲವು ಪಟ್ಟು ದೊಡ್ಡದೆಂಬುದು ನಿಜ. ಆದರೂ ಒಂದೇ ವರದಿಯ ಎರಡು ಬೆಟ್ಟಸೀಮೆಗಳ ಪೈಕಿ ಒಂದರ ಪರವಾಗಿ ಒಬ್ಬರು ಲೇಖನಿ ಎತ್ತಿದರು, ಇನ್ನೊಂದರ ಪರವಾಗಿ ಯಾರೂ ಎತ್ತಲಿಲ್ಲ.

ಸಂವಿಧಾನದ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ರಾಜ್ಯದ ಗಡಿ ಬದಲಿಸುವ ಅಧಿಕಾರವನ್ನು 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕೆಂಬ ಷರತ್ತು ಅಂದು ಇದ್ದದ್ದು ಭಾಗ 'ಎ' ಮತ್ತು 'ಬಿ' ರಾಜ್ಯಗಳಿಗೆ ಮಾತ್ರ. 'ಸಿ' ರಾಜ್ಯವಾದ ಕೊಡಗಿನ ಸಭೆಯನ್ನು ಕೇಳಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಜನಾಭಿಪ್ರಾಯದ ಆಧಾರವೆಂದು ಹೇಳಬಹುದಾದದ್ದು 1952ರ 15–9 ಒಂದೇ, ಅದೂ ಹಲವು ವಿಷಯಗಳು ಬೆರೆತ ಚುನಾವಣೆ. ಜೋಡೆತ್ತಿಗೆ ಬಿದ್ದ ಮತವೆಲ್ಲ ವಿಲೀನಕ್ಕೆ ಬಿದ್ದ ಮತವೇ? ಗಾಂಧಿ, ನೆಹರೂ ಹೆಸರಿಗೆ, ಸ್ವಾತಂತ್ರ್ಯ ತಂದ ಪಕ್ಷಕ್ಕೆ ಬಿದ್ದದ್ದೆಷ್ಟು? ಆ ಪೆಟ್ಟಿಗೆಯಿಂದ ಇದನ್ನು ಬೇರ್ಪಡಿಸಿ ಎಣಿಸುವ ದಾರಿ ಇರಲಿಲ್ಲ.

ಬೇರೆಡೆ ಈ ಪ್ರಶ್ನೆಯನ್ನು ನೇರವಾಗಿ ಕೇಳಿದ ಉದಾಹರಣೆಗಳಿವೆ. ನ್ಯೂಫೌಂಡ್‌ಲ್ಯಾಂಡ್ 1948ರಲ್ಲಿ ಎರಡು ಸುತ್ತಿನ ಜನಮತಗಣನೆ ನಡೆಸಿ, ಎರಡನೆಯದರಲ್ಲಿ ಶೇ. 52.3ರ ಬಹುಮತದಿಂದ ಕೆನಡಾ ಸೇರಲು ನಿರ್ಧರಿಸಿ 1949ರ ಮಾರ್ಚ್ 31ರಂದು ಅದರ ಪ್ರಾಂತವಾಯಿತು. ಪೂರ್ವ ಜರ್ಮನಿಯಲ್ಲಿ 1990ರ ಮಾರ್ಚ್‌ನಲ್ಲಿ ಮುಕ್ತವಾಗಿ ಚುನಾಯಿತವಾದ ಸಂಸತ್ತು ಅದೇ ಆಗಸ್ಟ್‌ನಲ್ಲಿ 294–62 ಮತಗಳಿಂದ ತನ್ನ ದೇಶವನ್ನೇ ಪಶ್ಚಿಮ ಜರ್ಮನಿಗೆ ಸೇರಿಸುವ ತೀರ್ಮಾನ ಮಾಡಿತು. ತನ್ನ ಅಸ್ತಿತ್ವಕ್ಕೆ ತಾನೇ ಮತ ಹಾಕಿ ತೆರೆ ಎಳೆದ ಸದನ ಅದು. ನಮಗೆ ಇನ್ನೂ ಹತ್ತಿರದ್ದು ಗೋವಾ. 1967ರ ಜನವರಿ 16ರಂದು ಗೋವಾದವರನ್ನು ಮಹಾರಾಷ್ಟ್ರಕ್ಕೆ ಸೇರುವಿರಾ ಎಂದು ಕೇಳಲಾಯಿತು. 1,72,191 ಮಂದಿ ಪ್ರತ್ಯೇಕವಾಗಿರುವುದಕ್ಕೂ 1,38,170 ಮಂದಿ ವಿಲೀನಕ್ಕೂ ಮತ ಕೊಟ್ಟರು. 1963ರ ಅಲ್ಲಿನ ಚುನಾವಣೆಯಲ್ಲಿ ಗೆದ್ದು ಸರ್ಕಾರ ರಚಿಸಿದ್ದು ವಿಲೀನದ ಪರವಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ! ಪಕ್ಷಕ್ಕೆ ಕೊಟ್ಟ ಮತ ಬೇರೆ, ನಾಡಿನ ಅಸ್ತಿತ್ವದ ಪ್ರಶ್ನೆಗೆ ಕೊಟ್ಟ ಮತ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಕೊಡಗಿನಲ್ಲಿ ಪ್ರತ್ಯೇಕವಾಗಿ ಕೇಳಿದ್ದರೂ ವಿಲೀನವೇ ಗೆಲ್ಲುತ್ತಿತ್ತೋ ಏನೋ. ಆದರೆ ಕೇಳಿದ್ದರೆ, ಸೋತವರ ಕೈಯಲ್ಲಿ ಅಸಮಾಧಾನದ ಬದಲು ಒಂದು ಲೆಕ್ಕ ಉಳಿಯುತ್ತಿತ್ತು.

ವಿಲೀನದಿಂದ ಪ್ರಾತಿನಿಧ್ಯಕ್ಕೆ ಆದದ್ದೇನು ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. 1952ರಲ್ಲಿ ಒಬ್ಬ ಶಾಸಕನಿಗೆ ಸುಮಾರು 9,500 ಜನ. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಜಿಲ್ಲೆಗೆ ಉಳಿದದ್ದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರ. 2011ರ ಜನಗಣತಿಯ 5.54 ಲಕ್ಷವನ್ನು ಭಾಗಿಸಿದರೆ ಒಬ್ಬರಿಗೆ 2.77 ಲಕ್ಷ. 1952ರಲ್ಲಿ ಕೊಡಗಿಗೆ ತನ್ನದೇ ಲೋಕಸಭಾ ಸದಸ್ಯರಿದ್ದರು. ಬಳಿಕ ಮಂಗಳೂರಿನೊಂದಿಗೆ, 2008ರ ನಂತರ ಮೈಸೂರಿನೊಂದಿಗೆ ಸೇರಿ ಮತ ಹಾಕಬೇಕಾಯಿತು. ಡಾಲ್ ಮತ್ತು ಎಡ್ವರ್ಡ್ ಟಫ್ಟಿ 1973ರಲ್ಲಿ ಗಾತ್ರಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ನಂಟನ್ನು ಪರಿಶೀಲಿಸಿ, ಸಣ್ಣ ಘಟಕದಲ್ಲಿ ಪ್ರಜೆಯ ಮಾತಿಗೆ ಬೆಲೆ ಹೆಚ್ಚು, ದೊಡ್ಡ ಘಟಕಕ್ಕೆ ಕೆಲಸ ಮಾಡುವ ಕಸುವು ಹೆಚ್ಚು, ಎರಡನ್ನೂ ಪೂರ್ತಿಯಾಗಿ ಕೊಡುವ ಒಂದು ಗಾತ್ರವಿಲ್ಲ ಎಂಬ ನಿಲುವಿಗೆ ಬಂದಿದ್ದರು. ಕೊಡಗು ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಿತು. ದೊಡ್ಡ ರಾಜ್ಯದಿಂದ ಬಂದದ್ದು ಸಣ್ಣದೇನಲ್ಲ: ಸೋಮವಾರಪೇಟೆ ಕ್ಷೇತ್ರದ ಆರ್. ಗುಂಡೂರಾವ್ 1980ರಲ್ಲಿ ಇಡೀ ಕರ್ನಾಟಕದ ಮುಖ್ಯಮಂತ್ರಿಯಾದರು.

ಇಷ್ಟರಲ್ಲೇ ಪ್ರಕರಣ ಮುಗಿಸಿದರೆ ಅದು ಭೂಮಿಯಿದ್ದವರ ಕಥೆ ಮಾತ್ರವಾಗುತ್ತದೆ. ತಕ್ಕಡಿ ಬಣವೂ ಕಾಂಗ್ರೆಸ್ಸೂ ವಾದಿಸುತ್ತಿದ್ದ ಹೊತ್ತಿಗೆ ಯರವರು, ಜೇನುಕುರುಬರು, ಬೆಟ್ಟಕುರುಬರು, ಪರಿಶಿಷ್ಟ ಜಾತಿಯ ತೋಟಗಾರ್ಮಿಕರು ಮೊದಲ ಬಾರಿಗೆ ಮತದಾರರಾಗಿದ್ದರು. ಕೊಡಗು ಪ್ರತ್ಯೇಕ ರಾಜ್ಯವೋ ಮೈಸೂರಿನ ಜಿಲ್ಲೆಯೋ ಎಂಬ ಚರ್ಚೆಯಲ್ಲಿ ಲೈನ್ ಮನೆಯ ಬದುಕಿಗೆ ಸಂಬಂಧಿಸಿದ ಮಾತೆಷ್ಟಿತ್ತು? ಡಾಲ್ ಅವರ ಎರಡನೆಯ ಆಯಾಮ, ಪಾಲ್ಗೊಳ್ಳುವಿಕೆ, 1952ರಲ್ಲಿ ಕಾಗದದ ಮೇಲೆ ತುಂಬಿತು. ಆ ಪಾಲಿನಿಂದ ಅವರು ಏನನ್ನು ಬದಲಿಸಬಲ್ಲರು ಎಂಬುದು ಬೇರೆಯೇ ಪ್ರಶ್ನೆ. 1974ರ ಕರ್ನಾಟಕ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು, ಆದರೆ ಕಾಫಿ ತೋಟಗಳು ಪ್ಲಾಂಟೇಶನ್ ಎಂಬ ವಿನಾಯಿತಿಯಡಿ ಅದರ ಹೊರಗುಳಿದವು. ತೋಟದ ಆಳು ಗೇಣಿದಾರನೂ ಅಲ್ಲದ ಕಾರಣ ಅವನ ಪಾಲಿಗೆ ಏನೂ ಬರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ಲೈನ್ ಮನೆ ಬಿಟ್ಟುಬಂದು ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ತೆರವುಗೊಳಿಸಿದಾಗ, ಅಲ್ಲಿ ಕುಳಿತು ಪ್ರತಿಭಟಿಸಿದ ಹೆಂಗಸರಲ್ಲಿ ಅನೇಕರು ಆ ಮೊದಲ ಮತದಾರರ ಮೊಮ್ಮಕ್ಕಳ ತಲೆಮಾರಿನವರು. ಪ್ರತ್ಯೇಕ ಕೊಡಗು ಉಳಿದಿದ್ದರೆ, ಯರವ ಮತಗಳು 9,500 ಜನರ ಕ್ಷೇತ್ರದಲ್ಲಿ ಎಷ್ಟು ನಿರ್ಣಾಯಕವಾಗುತ್ತಿದ್ದವೋ ಭೂಮಾಲೀಕರ ಹಿಡಿತವೂ ಅಷ್ಟೇ ಬಿಗಿಯಾಗಿರುತ್ತಿತ್ತು. ಸಣ್ಣ ಘಟಕ ತಾನಾಗಿ ದುರ್ಬಲರ ಪರ ಎಂದು ನಾನು ನಂಬುವುದಿಲ್ಲ. ದೊಡ್ಡದು ತಾನಾಗಿ ನ್ಯಾಯವಂತ ಎಂಬುದನ್ನಂತೂ ದಿಡ್ಡಳ್ಳಿ ಸುಳ್ಳಾಗಿಸಿದೆ.

1990ರ ದಶಕದಿಂದ ಪ್ರತ್ಯೇಕತೆಯ ಕೂಗು ಮತ್ತೆ ಎದ್ದಿತು. ಆದರೆ ಈ ಹೊಸ ಬೇಡಿಕೆಯನ್ನು ತಕ್ಕಡಿಯ ಮುಂದುವರಿಕೆ ಎನ್ನುವುದು ತಪ್ಪಾಗುತ್ತದೆ. ತಕ್ಕಡಿ ಬಣ ಉಳಿಸಬಯಸಿದ್ದು 24 ಸ್ಥಾನಗಳ ಒಂದು ಪ್ರಾದೇಶಿಕ ರಾಜ್ಯವನ್ನು. ಕೊಡವರು, ಗೌಡರು, ಮಾಪಿಳ್ಳೆಗಳು, ಯರವರು, ಯಾರೇ ಆಗಲಿ, ಆ ಗಡಿಯೊಳಗಿದ್ದವರೆಲ್ಲ ಅದರ ಪ್ರಜೆಗಳು. ಇಂದು ಕೊಡವ ನ್ಯಾಷನಲ್ ಕೌನ್ಸಿಲ್ ಮುಂದಿಡುತ್ತಿರುವುದು ಕೊಡವಲ್ಯಾಂಡ್ ಸ್ವಾಯತ್ತತೆ, ಕೊಡವರಿಗೆ ಪರಿಶಿಷ್ಟ ಪಂಗಡದ ಸ್ಥಾನ, ಕೊಡವ ತಕ್ಕ್‌ಗೆ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಜಾಗ. ಇಲ್ಲಿ ಜನರೆಂದರೆ ಒಂದು ಸಮುದಾಯ, ಅದೂ ಜಿಲ್ಲೆಯಲ್ಲಿ ಬಹುಸಂಖ್ಯೆಯಲ್ಲಿಲ್ಲದ ಸಮುದಾಯ. ನುಡಿ, ನೆಲ, ಸಂಸ್ಕೃತಿ ಕಳೆದುಹೋಗುತ್ತಿದೆಯೆಂಬ ಅವರ ನೋವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ 1834ರಲ್ಲಿ ಫ್ರೇಸರ್ ಬರೆದ 'ನಿವಾಸಿಗಳು', 1924ರ ಆಸ್ತಿವಂತ ಮತದಾರರು, 1952ರಲ್ಲಿ ಚಿತ್ರ ನೋಡಿ ಪೆಟ್ಟಿಗೆಗೆ ಚೀಟಿ ಹಾಕಿದವರು, ಇಂದಿನ ಬೇಡಿಕೆಯ ಜನ, ಈ ನಾಲ್ವರೂ ಒಂದೇ ಜನಸಮುದಾಯವಲ್ಲ. ಇವರಲ್ಲಿ ಲೈನ್ ಮನೆಯ ಹೆಂಗಸಿಗೂ ಜಾಗವಿದ್ದದ್ದು 1952ರ ಪಟ್ಟಿಯಲ್ಲಿ ಮಾತ್ರ.